ಹಗೆಯ ಬಾಯಿ

'ಹಗೆ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಒಂದು ವೈರ, ಇನ್ನೊಂದು ನೆಲದೊಳಗೆ ತೋಡಿದ ಕಣಜ. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಈ ಕಣಜವನ್ನು ಹಗೆವು ಎನ್ನುವುದು ರೂಢಿ. ಗೋದಾಮುಗಳೂ ಗೋಣಿಚೀಲಗಳೂ ಬಂದ ಮೇಲೆ ಅದರ ಬಳಕೆ ತೀರ ಕಡಿಮೆಯಾಗಿದೆ. ಆದರೂ ಗಾಳಿಯನ್ನು ಹೊರಗೆ ನಿಲ್ಲಿಸುವ ವಿದ್ಯೆಯನ್ನು ಕಲಿಯಬಯಸುವವರಿಗೆ ಅದಕ್ಕಿಂತ ಒಳ್ಳೆಯ ಗುರುವಿಲ್ಲ.

ಹಗೆವು ತೋಡುವವನು ಮೊದಲು ನೆಲವನ್ನು ಆರಿಸುತ್ತಿದ್ದನು. ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಯ ಮಣ್ಣು ಇದಕ್ಕೆ ಒದಗದು. ನೀರು ನಿಲ್ಲದ ಎತ್ತರದ ಗಟ್ಟಿ ನೆಲ ಬೇಕು. ಬಾಯಿ ಕಿರಿದು, ಒಡಲು ಹಿರಿದು, ನೆಲದಲ್ಲಿ ಹೂತಿಟ್ಟ ಗಡಿಗೆಯ ಆಕಾರ. ತಳಕ್ಕೆ ಹೊಟ್ಟು ಹಾಸಿ, ಗೋಡೆಗೆ ಒಣಹುಲ್ಲನ್ನು ಒತ್ತಾಗಿ ಜೋಡಿಸಿ, ನಡುವೆ ಜೋಳ ತುಂಬುತ್ತಿದ್ದರು. ಮಣ್ಣಿನ ತೇವ ಕಾಳಿಗೆ ತಾಕದಂತೆ ಹುಲ್ಲು ಕಾಯುತ್ತಿತ್ತು. ಕೊನೆಗೆ ಬಾಯಿಗೆ ಚಪ್ಪಡಿ ಎಳೆದು, ಸಂದುಗಳಿಗೆ ಕಲಸಿದ ಮಣ್ಣನ್ನು ಮೆತ್ತಿ, ಮಳೆನೀರು ಹರಿದುಹೋಗುವಂತೆ ಮೇಲೆ ಮಣ್ಣು ಏರಿಸಿದರೆ ಕೆಲಸ ಮುಗಿಯಿತು. ಇಷ್ಟಕ್ಕೂ ಬೇಕಾದದ್ದು ಮನೆಯ ಹುಲ್ಲು, ಊರ ಮಣ್ಣು, ಮೈಯ ದುಡಿಮೆ.

ಒಳಗೆ ನಡೆಯುವ ವ್ಯಾಪಾರ ಸ್ವಾರಸ್ಯವಾದದ್ದು. ಕಾಳಿಗೂ ಉಸಿರುಂಟು, ಕಾಳಿನೊಳಗಿನ ಹುಳುವಿಗೂ ಉಸಿರುಂಟು. ನಾವು ಸೇವಿಸುವ ಗಾಳಿಯಲ್ಲಿ ನೂರಕ್ಕೆ 21ರಷ್ಟಿರುವ ಆಮ್ಲಜನಕವನ್ನು ಅವೆರಡೂ ಕೂಡಿ ತೀರಿಸುತ್ತ ಬರುತ್ತವೆ. ಬದಲಿಗೆ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಹೊಸ ಗಾಳಿ ನುಗ್ಗದಿದ್ದರೆ ಹುಳು ತಾನಾಗಿ ಸಾಯುತ್ತದೆ, ಕಾಳು ಉಳಿಯುತ್ತದೆ. 1876ರಿಂದ 78ರವರೆಗಿನ ಬರಗಾಲದಂಥ ಕ್ಷಾಮಗಳನ್ನು ಕಂಡ, ಮಳೆಯನ್ನೇ ನಂಬಿದ ಧಾರವಾಡ ಸೀಮೆಯಲ್ಲಿ ಹೀಗೆ ಉಳಿದ ಕಾಳಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನು ಗುರುತಿಸಿ ಬಿಡುವುದಿಲ್ಲ. ಇಂಗಾಲದ ಡೈ ಆಕ್ಸೈಡ್ ಸಾಮಾನ್ಯ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ಅದು ತಳದಲ್ಲಿಯೇ ನಿಲ್ಲುತ್ತದೆ. ಅವಸರದಿಂದ ಇಳಿದವನು ಕೂಗುವ ಮುನ್ನವೇ ಕುಸಿಯಬಹುದು. ಅವನನ್ನು ಎತ್ತಲೆಂದು ಇಳಿದವನೂ ಅವನ ಪಕ್ಕದಲ್ಲಿಯೇ ಬೀಳಬಹುದು. ಆದಕಾರಣ ಬಲ್ಲವರು ಬಾಯಿ ತೆರೆದ ಮೇಲೆ ಬಹಳ ಹೊತ್ತು ಕಾಯುತ್ತಿದ್ದರು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿತೆಂದರೆ ಒಳಗೆ ಇಳಿಯಬಾರದು. ದೀಪ ಉರಿದ ಮಾತ್ರಕ್ಕೆ ಅಪಾಯ ಕಳೆಯಿತೆಂದೂ ಅಲ್ಲ.

ಇಂದಿನ ಪಟ್ಟಣದ ಮನೆಗೂ ಈ ಪಾಠ ಸಲ್ಲುತ್ತದೆ. ಮಾಗಿಯ ಚಳಿಗಾಳಿ ಕಿಟಕಿಯ ಸಂದಿನಲ್ಲಿ ನುಸುಳಿದಾಗ, ನೆಲಮಾಳಿಗೆ ಥಂಡಿ ಹಿಡಿದಾಗ, ಗೃಹಸ್ಥನು ತಾನೇ ಸಂದುಗಳನ್ನು ಮುಚ್ಚಲು ಹೊರಡುವುದು ಸಹಜ, ಉಚಿತವೂ ಹೌದು. ಹೊತ್ತಿಸಿದ ಊದುಬತ್ತಿಯನ್ನು ಚೌಕಟ್ಟಿನ ಉದ್ದಕ್ಕೂ ಹಿಡಿದು ಸಾಗಿದರೆ, ಹೊಗೆ ಓಲಾಡಿದಲ್ಲಿ ಸಂದಿದೆಯೆಂದು ತಿಳಿಯುತ್ತದೆ. ಗೋಡೆಯ ಬಿರುಕಿಗೆ ಗಾರೆ, ಕಿಟಕಿಯ ಅಂಚಿಗೆ ರಬ್ಬರಿನ ಪಟ್ಟಿ, ಬಾಗಿಲ ಕೆಳಗೆ ಬಟ್ಟೆಯ ಸುರುಳಿ ಸಾಕು.

ಆದರೆ ಎಲ್ಲಿ ಬೆಂಕಿ ಉರಿಯುತ್ತದೆಯೋ ಅಲ್ಲಿ ಗಾಳಿಯ ದಾರಿಯನ್ನು ಮುಚ್ಚಬಾರದು. ಗ್ಯಾಸ್ ಗೀಸರ್ ಇರುವ ಸ್ನಾನದ ಮನೆಗೆ ಹೊರಗಾಳಿಯ ಕಂಡಿ ತೆರೆದೇ ಇರಬೇಕು. ಕೆಂಡದ ಶೆಗಡಿಯನ್ನು ಮಲಗುವ ಕೋಣೆಯಲ್ಲಿಟ್ಟು ಕದ ಹಾಕಿಕೊಂಡರೆ, ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ನಿದ್ದೆಯಲ್ಲಿಯೇ ಪ್ರಾಣ ತೆಗೆಯಬಹುದು. ಅದರ ಸುಳಿವನ್ನು ದೀಪವೂ ಕೊಡಲಾರದು. ಅಡುಗೆಯ ಅನಿಲವಂತೂ ಗಾಳಿಗಿಂತ ಭಾರವಾದದ್ದು. ಸೋರಿದರೆ ತಗ್ಗಿನಲ್ಲಿ ಮಡುಗಟ್ಟುತ್ತದೆ. ಆದುದರಿಂದ ಅದರ ಸಿಲಿಂಡರಿಗೆ ನೆಲಮಾಳಿಗೆ ತಕ್ಕ ಸ್ಥಳವಲ್ಲ.

ಹಗೆವನ್ನು ಮುಚ್ಚಿದ ಹಿರಿಯರು ಒಳಗಿಟ್ಟದ್ದು ಕಾಳನ್ನು, ಮಕ್ಕಳನ್ನಲ್ಲ. ಮನೆಯ ಸಂದುಗಳಿಗೆ ಗಾರೆ ಮೆತ್ತಲು ಹೊರಟವರು ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಆಗ ಚಳಿಯೂ ಹೊರಗುಳಿಯುತ್ತದೆ, ಮನೆಯೂ ಹಗೆಯಾಗುವುದಿಲ್ಲ.