ಫಾರ್ಮ್ಯಾಟ್ ಎಂಬ ಸರ್ವರೋಗದ ಮಾತ್ರೆ!

ಸಂಜೆ ಗಿರಾಕಿ ತುಂಬಿದ ಹೊತ್ತಿಗೇ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ತಟ್ಟನೆ ಆರಿಹೋಗುತ್ತದೆ. ರಿಪೇರಿಯವರದು ಒಂದೇ ಮಾತು: ‘ವೈರಸ್ಸು ಸಾರ್, ಫಾರ್ಮ್ಯಾಟ್ ಹೊಡೀಬೇಕು.’ ಹೊಡೆದರೆ ವರ್ಷದ ಉದ್ರಿ ಲೆಕ್ಕ ಗೋವಿಂದ! ನಾಲ್ಕು ದಿನಕ್ಕೆ ಮತ್ತದೇ ಗೋಳು.

ರೋಗ ಪೆಟ್ಟಿಗೆಯೊಳಗೇ ಇರಬಹುದಲ್ಲ? ಫ್ಯಾನಿಗೆ ಧೂಳು ಕಟ್ಟಿದರೆ ಪ್ರೊಸೆಸರ್ ಕಾಯುತ್ತದೆ. ಸುಟ್ಟುಹೋಗದಿರಲೆಂದು ಯಂತ್ರ ತಾನಾಗಿ ಆರುತ್ತದೆ. ರ‍್ಯಾಮ್ ಕೆಟ್ಟರೆ ನೀಲಿ ಪರದೆ ಬರಬಹುದು; ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದರೆ ಸಾಮಾನ್ಯವಾಗಿ ಕಳ್ಳ ಸಿಕ್ಕಿಬೀಳುತ್ತಾನೆ. 2000ದ ದಶಕದ ಮೊದಲ ವರ್ಷಗಳಲ್ಲಿ ಎಷ್ಟೋ ಮದರ್‌ಬೋರ್ಡುಗಳು ಕೆಪಾಸಿಟರ್ ಉಬ್ಬಿಯೇ ಕೆಟ್ಟವು.

ಮೊದಲು ಲೆಕ್ಕದ ನಕಲು ತೆಗೆಸಿ. ಆಮೇಲೆ ಧೂಳು, ರ‍್ಯಾಮ್, ಎಸ್‌ಎಂಪಿಎಸ್ ನೋಡಿಸಿ. ಒಮ್ಮೆಗೆ ಒಂದೇ ಭಾಗ ಬದಲಿಸಿದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. ನಾಡಿ ಹಿಡಿಯದೆ ಮದ್ದು ಕೊಡುವವರಿಗೆ ದುಡ್ಡು ಯಾಕೆ ಸ್ವಾಮಿ?