ಯಾವ ಮಾತ್ರೆ ಒಳ್ಳೆಯದು?

‘ಮೇಷ್ಟ್ರೇ, ಜಂತುಹುಳುವಿಗೆ ಯಾವ ಮಾತ್ರೆ ಒಳ್ಳೆಯದು?’ ಎಂದು ಪಾಲಕರು ಕೇಳುವುದುಂಟು. ಉತ್ತರಿಸುವ ಮೊದಲು ನಾವೊಂದು ಮರುಪ್ರಶ್ನೆ ಹಾಕಬೇಕು: ಯಾವ ಹುಳುವಿಗೆ?

ಮಣ್ಣಿನಿಂದ ಮಕ್ಕಳ ಕರುಳು ಸೇರುವ ಹುಳುಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಎರೆಹುಳುವನ್ನು ಹೋಲುವ ದುಂಡುಹುಳು. ಇದರ ಹೆಣ್ಣು ಒಂದಡಿಯಷ್ಟು ಬೆಳೆಯಬಲ್ಲದು. ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡಬಲ್ಲದು. ಎರಡನೆಯದು ಕೊಕ್ಕೆಹುಳು. ಉದ್ದ ಸುಮಾರು 1 ಸೆಂಟಿಮೀಟರ್ ಮಾತ್ರ. ಇದರ ಮರಿ ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೂರನೆಯದಾದ ಚಾಟಿಹುಳು ತನ್ನ ದಾರದಂಥ ತಲೆಭಾಗವನ್ನು ದೊಡ್ಡಕರುಳಿನ ಗೋಡೆಯಲ್ಲಿ ಹುದುಗಿಸಿಕೊಂಡಿರುತ್ತದೆ.

ಔಷಧಿಗಳಲ್ಲಿ ಆಲ್ಬೆಂಡಜೋಲ್ ಮತ್ತು ಮೆಬೆಂಡಜೋಲ್ ಅಣ್ಣತಮ್ಮಂದಿರಿದ್ದಂತೆ. ಹುಳುವಿನ ಜೀವಕೋಶದ ಸೂಕ್ಷ್ಮ ನಳಿಕೆಗಳು ಕಟ್ಟಿಕೊಳ್ಳದಂತೆ ಇವು ತಡೆಯುತ್ತವೆ. ಗ್ಲೂಕೋಸ್ ಹೀರಲಾರದೆ ಹುಳು ಸೊರಗಿ ಸಾಯುತ್ತದೆ. ಪೈರಾಂಟೆಲ್‌ನ ದಾರಿಯೇ ಬೇರೆ. ಅದು ಹುಳುವಿಗೆ ಲಕವಾ ಹೊಡೆಸುತ್ತದೆ. ಹಿಡಿತ ತಪ್ಪಿದ ಹುಳು ಮಲದೊಂದಿಗೆ ಹೊರಬೀಳುತ್ತದೆ.

ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಒಂದೇ ಸಲ ಔಷಧಿ ಕೊಟ್ಟಾಗ ದುಂಡುಹುಳುವಿನಿಂದ ಪೂರ್ತಿ ಮುಕ್ತರಾದವರು: ಮೆಬೆಂಡಜೋಲ್‌ನಿಂದ ಶೇ. 95, ಆಲ್ಬೆಂಡಜೋಲ್ ಮತ್ತು ಪೈರಾಂಟೆಲ್‌ನಿಂದ ತಲಾ ಶೇ. 88. ಇಷ್ಟನ್ನೇ ನೋಡಿದರೆ ಮೆಬೆಂಡಜೋಲ್ ಗೆದ್ದಂತೆ. ಆದರೆ ಕೊಕ್ಕೆಹುಳುವಿನ ಲೆಕ್ಕ ನೋಡಿ: ಆಲ್ಬೆಂಡಜೋಲ್ ಶೇ. 72, ಪೈರಾಂಟೆಲ್ ಶೇ. 31, ಮೆಬೆಂಡಜೋಲ್ ಬರೀ ಶೇ. 15! ಇನ್ನು ಚಾಟಿಹುಳುವಿನ ಮುಂದೆ ಅಣ್ಣತಮ್ಮಂದಿರಿಬ್ಬರೂ ನಪಾಸು: ಆಲ್ಬೆಂಡಜೋಲ್ ಶೇ. 28, ಮೆಬೆಂಡಜೋಲ್ ಶೇ. 36. ಕನ್ನಡದಲ್ಲಿ 95 ಬಂದಿದೆಯೆಂದು ಗಣಿತದ 15 ಮರೆಯಾಗುವುದಿಲ್ಲ, ಅಲ್ಲವೇ?

ಹಾಗೆಂದು ಪೂರ್ತಿ ಗುಣವಾಗದ ಮಗುವಿಗೆ ಕೊಟ್ಟ ಮಾತ್ರೆ ವ್ಯರ್ಥವೆಂದು ತಿಳಿಯಬಾರದು. ಮಲದಲ್ಲಿ ಮೊಟ್ಟೆಗಳ ಸಂಖ್ಯೆ ಎಷ್ಟು ಇಳಿಯಿತೆಂಬುದನ್ನೂ ವಿಜ್ಞಾನಿಗಳು ಎಣಿಸುತ್ತಾರೆ. 40 ಕೊಕ್ಕೆಹುಳುಗಳಿದ್ದ ಕರುಳಿನಲ್ಲಿ 4 ಉಳಿದರೂ ರಕ್ತನಷ್ಟ ಬಹಳ ಕಡಿಮೆಯಾಗುತ್ತದೆ. ರಕ್ತಹೀನತೆಯಿಂದ ತರಗತಿಯಲ್ಲಿ ತೂಕಡಿಸುವ ಮಗುವಿಗೆ ಅದು ಸಣ್ಣ ಲಾಭವಲ್ಲ.

ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ 400 ಮಿಲಿಗ್ರಾಂ ಕೊಡಲಾಗುತ್ತಿದೆ. ಒಂದರಿಂದ ಎರಡು ವರ್ಷದೊಳಗಿನ ಕೂಸುಗಳಿಗೆ ಅರ್ಧ ಮಾತ್ರೆ. ಮಾತ್ರೆಯನ್ನು ಚೆನ್ನಾಗಿ ಅಗಿದು ನುಂಗಬೇಕು. ಮಗುವಿಗೆ ಹುಷಾರಿಲ್ಲದಿದ್ದರೆ ಆ ದಿನ ಬೇಡ, ಶಿಕ್ಷಕರಿಗೆ ತಿಳಿಸಿ. ಚಾಟಿಹುಳುವೆಂದು ಪರೀಕ್ಷೆಯಲ್ಲಿ ಗೊತ್ತಾದರೆ ಮೂರು ದಿನಗಳ ಔಷಧಿಯೋ, ಐವರ್‌ಮೆಕ್ಟಿನ್ ಜೊತೆ ಸೇರಿಸಿಯೋ ಎಂಬುದನ್ನು ವೈದ್ಯರೇ ತೀರ್ಮಾನಿಸುತ್ತಾರೆ.

ಮಾತ್ರೆ ಕರುಳಿನ ಹುಳುವನ್ನು ಕೊಲ್ಲುತ್ತದೆ, ಅಂಗಳದ ಮಣ್ಣಿನಲ್ಲಿರುವ ಮೊಟ್ಟೆಯನ್ನಲ್ಲ. ಆದ್ದರಿಂದ ಹುಳು ಮತ್ತೆ ಬರುತ್ತದೆ, ಮಾತ್ರೆಯನ್ನೂ ಮತ್ತೆ ಕೊಡಬೇಕಾಗುತ್ತದೆ. ಬಯಲಿಗೆ ಹೋಗದಿರುವುದು, ಕಾಲಿಗೆ ಚಪ್ಪಲಿ, ಊಟಕ್ಕೆ ಮುಂಚೆ ಸಾಬೂನು: ಈ ಮೂರಕ್ಕೆ ಮೂರು ಹುಳುಗಳೂ ಹೆದರುತ್ತವೆ.