ಇಂಗ್ಲಿಷ್ ತಪ್ಪಿಗೆ ನಗುವ ಮೊದಲು

ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಸಲೀಸಾಗಿ ಮಾತಾಡುವ ನಮ್ಮ ಮಕ್ಕಳು ಇಂಗ್ಲಿಷ್ ಸಂದರ್ಶನದಲ್ಲಿ ಮೂಕರಾಗುತ್ತಾರೆ. ಹೆಚ್ಚಿನವರಿಗೆ ಪದ ಗೊತ್ತಿಲ್ಲ ಅಂತಲ್ಲ, ತಪ್ಪಾದರೆ ನಗುತ್ತಾರೆ ಎಂಬ ಹೆದರಿಕೆ.

ಇಷ್ಟು ಹೆದರಿಸುವ ನಿಯಮಗಳು ಬಂದದ್ದಾದರೂ ಎಲ್ಲಿಂದ? ಎಣಿಸುವ ವಸ್ತುಗಳಿಗೆ 'ಲೆಸ್' ಅನ್ನಬಾರದು, 'ಫ್ಯೂವರ್' ಅನ್ನಬೇಕು ಎಂದು ಕಲಿಸುತ್ತಾರೆ. 1770ರಲ್ಲಿ ರಾಬರ್ಟ್ ಬೇಕರ್ ಎಂಬವರು ಹೀಗಂದದ್ದು ತಮಗೆ ಅದು ಹೆಚ್ಚು ಸೊಗಸು, ಹೆಚ್ಚು ಸರಿ ಕಾಣುತ್ತದೆ ಅಂತ. ಇಂಗ್ಲೆಂಡಿನ ದೊರೆ ಆಲ್‌ಫ್ರೆಡ್ ಒಂಬತ್ತನೇ ಶತಮಾನದಲ್ಲೇ 'ಲೆಸ್' ಅನ್ನು ಹಾಗೆ ಬಳಸಿದ್ದ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಎಂದು 1672ರಲ್ಲಿ ಆಕ್ಷೇಪ ಎತ್ತಿದವರು ಕವಿ ಡ್ರೈಡನ್. ಒಬ್ಬೊಬ್ಬರ ಇಷ್ಟ ಮುಂದೆ ಎಲ್ಲರಿಗೂ ಕಾನೂನಾಯಿತು. ಇತ್ತ ನಮ್ಮವರ 'ಪ್ರಿಪೋನ್' ಎಂಬ ಪದಕ್ಕೂ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಜಾಗ ಸಿಕ್ಕಿದೆ.

ವ್ಯಾಕರಣವೇ ಬೇಡ ಎಂದು ನಾವು ಹೇಳುತ್ತಿಲ್ಲ. ನಿನ್ನೆ ಆದದ್ದನ್ನು ನಾಳೆ ಆಗುವುದು ಎಂದರೆ ಕೇಳುವವನಿಗೆ ಅರ್ಥವೇ ಕೆಡುತ್ತದೆ, ಅದನ್ನು ತಿದ್ದಲೇಬೇಕು. ಪರೀಕ್ಷೆಗೆ, ಕೆಲಸದ ಅರ್ಜಿಗೆ 'ಫ್ಯೂವರ್' ಕೂಡ ಕಲಿಯಲಿ. ಆದರೆ ಅರ್ಥ ಕೆಡಿಸುವ ತಪ್ಪು ಬೇರೆ, ಯಾರದೋ ರುಚಿಗೆ ಒಗ್ಗದ್ದು ಬೇರೆ. ಎರಡಕ್ಕೂ ಒಂದೇ ಬೆತ್ತ ಎತ್ತಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ಪೋಷಕರೇ, ಶಿಕ್ಷಕರೇ, ಮಗು ಹೇಳುವುದನ್ನು ಮೊದಲು ಪೂರ್ತಿ ಹೇಳಲಿ. ತಿದ್ದುವುದು ಆಮೇಲೂ ಆಗುತ್ತದೆ. ನಗುವುದು ಮಾತ್ರ ಬೇಡ.